ಎರಡು ಲೋಟ ಮೆಂತ್ಯದ ನೀರು

ಮಲ್ಲವಿ
೨೩ ಅಕ್ಟೋಬರ್ ೧೯೮೮

ಪ್ರೀತಿಯ ಅಫಾಫ್,

ಐಮನ್ ಮತ್ತು ನಾನು ಊರು ಸೇರಿದೆವು. ನಾಹಿದ್ ಮಿನ್ಯಾದಲ್ಲಿ ಇಳಿದಳು. ಇಳಿದವಳು ಸುಮ್ಮನೆ ಹೋಗದೆ ಕಿಟಕಿಯ ಹತ್ತಿರ ಬಂದು, "ನೀನು ಮಗನ್ನ ಎತ್ಕೊಂಡಿದೀಯೋ ಅವನೇ ನಿನ್ನ ಎತ್ಕೊಂಡಿದಾನೋ ಗೊತ್ತಾಗ್ತಿಲ್ಲ ಕಣೇ. ಮನೆಗೆ ಹೋಗಿ ಮೊದ್ಲು ಊಟ ಮಾಡು" ಎಂದು ಇಡೀ ರೈಲುಡಬ್ಬಿಗೆ ಕೇಳುವಂತೆ ಹೇಳಿದಳು. ಅಸ್ಯೂತಿನ ಹಾಸ್ಟೆಲಿನಲ್ಲಿ ನಮ್ಮ ಮೂವರ ಕೋಣೆಯಲ್ಲಿ ಹೇಗಿದ್ದಳೋ ಇಂದಿಗೂ ಹಾಗೇ ಇದ್ದಾಳೆ. ಬದಲಾದವರು ನೀನು ಮತ್ತು ನಾನು.

ಕಿವಿಯಲ್ಲಿ ನಿಮ್ಮ ಟ್ರಾಮ್ ಇನ್ನೂ ಓಡುತ್ತಿದೆ. ಅಲೆಕ್ಸಾಂಡ್ರಿಯಾ ಅಂದರೆ ಅಗಲವಾದ ಊರು ಅಂದುಕೊಂಡಿದ್ದೆ. ನೋಡಿದರೆ ಸಮುದ್ರದ ಅಂಚಿಗೆ ಯಾರೋ ಒಣಹಾಕಿದ ಚಾದರದ ಹಾಗೆ ಉದ್ದಕ್ಕೆ ಬಿದ್ದಿದೆ. ಎಲ್ಲಿ ನಿಂತರೂ ಒಂದು ಕಡೆ ನೀರು, ಇನ್ನೊಂದು ಕಡೆ ಜಗಳ. ಜನ ನಿಂತುಕೊಂಡೇ ತಿನ್ನುತ್ತಾರೆ, ನಡೆಯುತ್ತಲೇ ಮದುವೆಯ ಮಾತು ಮುಗಿಸುತ್ತಾರೆ, ಮೀನಿನ ಕಿವಿರು ಎತ್ತಿ ಮಾರುವವನ ಮೂಗಿಗೇ ಹಿಡಿಯುತ್ತಾರೆ. ನಿಮ್ಮ ಕೆಳಗಿನ ಮಹಡಿಯ ಮುದುಕಿ ಬಾಲ್ಕನಿಯಿಂದ ಬುಟ್ಟಿ ಇಳಿಬಿಟ್ಟು ಟೊಮ್ಯಾಟೊ ಕೊಳ್ಳುವುದನ್ನು ನೋಡಲೆಂದೇ ನಾನು ಬೆಳಿಗ್ಗೆ ಹೊರಗೆ ಬರುತ್ತಿದ್ದೆ. "ಮೆತ್ತಗಾಗಿದೆ, ವಾಪಸ್ ತಗೋ" ಎಂದು ಆಕೆ ಮೇಲಿನಿಂದ. "ನಿಮ್ಮ ಹಲ್ಲಿಗೆ ಅಂತಲೇ ಆರಿಸಿದ್ದು, ಹಾಜ್ಜಾ" ಎಂದು ಅವನು ಕೆಳಗಿನಿಂದ. "ನನ್ನ ಹಲ್ಲು ನಿನ್ನ ತಕ್ಕಡಿಗಿಂತ ನೆಟ್ಟಗಿದೆ ಬಿಡು" ಎಂದು ಮತ್ತೆ ಆಕೆ. ನಮ್ಮ ಊರಿನಲ್ಲಿ ಹೀಗೆ ಮಾತಾಡಿದರೆ ಎರಡು ಮನೆತನದ ನಡುವೆ ಮಾತು ನಿಂತುಹೋಗುತ್ತದೆ. ಅಲ್ಲಿ ಮರುದಿನ ಅದೇ ಬುಟ್ಟಿ, ಅದೇ ಗಾಡಿ.

ಮೊದಲ ದಿನ ಟ್ರಾಮಿನಲ್ಲಿ ಐಮನ್ ಅಳುತ್ತಿದ್ದಾಗ ಆ ಬಿಳಿಮೀಸೆಯ ಕಂಡಕ್ಟರ್ ನಮ್ಮ ಮಾತಿನ ಧಾಟಿ ಕೇಳಿ ನಕ್ಕಿದ್ದನ್ನು ನಿನಗೆ ಹೇಳಿದೆನೋ ಇಲ್ಲವೋ. "ಸಯೀದಿಗಳಾ? ದಕ್ಷಿಣದಿಂದ ಇಲ್ಲೀವರೆಗೂ ಹೀಗೇ ಕೂಗ್ಕೊಂಡು ಬಂದ್ನಾ ಇವ್ನು?" ಎಂದ. ನಾಹಿದ್ ಬಿಡುತ್ತಾಳೆಯೇ? "ನಿಮ್ಮ ಟ್ರಾಮಿಗೆ ಗಂಟೆ ಕೆಟ್ಟಿದೆ ಅಂತ ಕೇಳಿದ್ವಿ, ಸಹಾಯಕ್ಕೆ ಕರ್ಕೊಂಡು ಬಂದಿದೀವಿ" ಎಂದಳು. ಅವನು ಅಂದಿನಿಂದ ನಮ್ಮನ್ನು ಕಂಡಾಗಲೆಲ್ಲ, "ಗಂಟೆ ಎಲ್ಲಿ?" ಎಂದು ಕೇಳುತ್ತಿದ್ದ.

ಬಂದದ್ದು ನಿನ್ನನ್ನು ನೋಡಲು. ನಿನ್ನ ಕೂಸು ರಿಹಾಮ್ ಹೋಗಿ ನಲವತ್ತು ದಿನ ತುಂಬುವಾಗ ನಿನ್ನ ಪಕ್ಕ ಕೂತಿರಬೇಕು ಎಂದು ನಾವಿಬ್ಬರೂ ಮಾತಾಡಿಕೊಂಡೇ ಹೊರಟಿದ್ದೆವು. ಬಾಗಿಲು ತೆರೆದವಳೇ ನೀನು, "ಸಮುದ್ರ ನೋಡಿದ್ರಾ?" ಎಂದೆ. ಆಮೇಲೆ ನಾಲ್ಕು ದಿನವೂ ಊರಿನ ಮಾತೇ ಆಯಿತು. ದಿನಾ ನಮ್ಮನ್ನು ನೀನೇ ಹೊರಗೆ ತಳ್ಳಿದೆ. "ಹುಡುಗ ಇಲ್ಲಿರಲಿ, ನೀವು ನೋಡ್ಕೊಂಡು ಬನ್ನಿ" ಎಂದೆ. ನಾನು ಡಬ್ಬದ ಹಾಲು ಕಲಸಿಟ್ಟು ಹೋಗುತ್ತಿದ್ದೆ. ಮಗುವನ್ನು ನಿನ್ನ ಕೈಯಲ್ಲಿ ಬಿಟ್ಟು ಹೋಗುವುದು ನಿನಗೆ ತಂಪೋ ಬೆಂಕಿಯೋ ತಿಳಿಯದೆ ಮೆಟ್ಟಿಲಿಳಿಯುತ್ತಿದ್ದೆ.

ಒಂದು ಮಾತು ಕೇಳಬೇಕು. ಅವನು ನಿನ್ನ ಮನೆಯಲ್ಲಿ ಮಲಗಿದ. ಹುಟ್ಟಿ ನಾಲ್ಕು ತಿಂಗಳಲ್ಲಿ ಅವನು ಹಾಗೆ ಮಲಗಿದ್ದನ್ನು ನಾನು ಕಂಡಿಲ್ಲ. ನನ್ನ ಹಾಲು ಅವನಿಗೆ ಸಾಲದು, ಅದು ನಿನಗೂ ಗೊತ್ತು. ಮೊನ್ನೆ ಆಸ್ಪತ್ರೆಯಲ್ಲಿ ತೂಗಿದ ದಾದಿ, "ಏನು ತಿನ್ನಿಸ್ಕೊಂಡು ಬಂದ್ರಿ?" ಎಂದಳು. ಇಲ್ಲಿಗೆ ಬಂದದ್ದೇ ಮತ್ತೆ ಮೊದಲಿನ ಹಾಗೆ. ನೀನು ಏನು ಮಾಡಿದೆ, ಹೇಗೆ ಎತ್ತಿಕೊಂಡೆ, ತಿಳಿಸು. ನೀನು ನನಗಾಗಿ ಕುದಿಸುತ್ತಿದ್ದ ಮೆಂತ್ಯದ ನೀರನ್ನು ಇಲ್ಲೂ ಕುಡಿಯುತ್ತಿದ್ದೇನೆ.

ಎದ್ದ. ನಿಲ್ಲಿಸುತ್ತೇನೆ.

ನಿನ್ನ
ಸುಹೈರ್


ಇಬ್ರಾಹಿಮಿಯ್ಯಾ, ಅಲೆಕ್ಸಾಂಡ್ರಿಯಾ
೨ ನವೆಂಬರ್

ಸುಹೈರ್,

ನಿನ್ನ ಕಾಗದ ಓದಿ ಈ ಊರನ್ನು ನಾನೂ ಒಮ್ಮೆ ನೋಡಿಬರಬೇಕು ಅನ್ನಿಸಿತು. ಮದುವೆಯಾಗಿ ಬಂದು ಮೂರು ವರ್ಷವಾದರೂ ನನಗೆ ಇಲ್ಲಿ ಜಗಳ ಯಾವುದು ಮಾತು ಯಾವುದು ಬೇರೆ ಮಾಡಲು ಬರುವುದಿಲ್ಲ.

ನೀವು ಹೋದಮೇಲೆ ಕೆಳಗಿನ ಮುದುಕಿ ಮೆಟ್ಟಿಲಲ್ಲಿ ಸಿಕ್ಕಿ, "ಮನೇಲಿ ಮಗು ಸದ್ದು ಕೇಳ್ತಿತ್ತಲ್ಲ" ಎಂದು ಶುರುಮಾಡಿ ಅಲ್ಲಿಗೇ ನುಂಗಿಕೊಂಡಳು. ಪಾಪ, ಅವರ ಕಷ್ಟ ಅವರಿಗೆ. ನಾನು ಬಸುರಿಯಾಗಿದ್ದಾಗ ಮುಖ್ತಾರ್ ಹೆಸರು ಆರಿಸಿದ ದಿನದಿಂದಲೇ ಬೀದಿಯವರೆಲ್ಲ ನನ್ನನ್ನು ಉಮ್ಮ್ ರಿಹಾಮ್ ಅನ್ನುತ್ತಿದ್ದರು, ರಿಹಾಮಳ ತಾಯಿ ಎಂದು. ಈಗ ಹೇಗೆ ಕರೆಯುವುದು ಗೊತ್ತಾಗದೆ ಕಾವಲುಗಾರನ ಹೆಂಡತಿ, "ಇಲ್ಲಿ ಕೇಳಿಸ್ತಾ" ಎನ್ನುತ್ತಾಳೆ. ನನಗೆ ಅದೇ ಹೆಸರಾಗಿದೆ.

ಮಗು ಮಲಗಿದ್ದು ಸಮುದ್ರದ ಗಾಳಿಗೆ. ಇಲ್ಲಿ ಎಲ್ಲ ಮಕ್ಕಳೂ ಮಲಗುತ್ತವೆ. ನಾನು ಏನೂ ಮಾಡಲಿಲ್ಲ.

ಐಮನ್ ಹೇಗಿದ್ದಾನೆ? ಕಿವಿಯ ಹಿಂದಿನ ಕೆಂಪು ಹೋಯಿತೇ? ಮಂಪರು ಬರುವಾಗ ಎಡಗೈಯಲ್ಲಿ ಬಟ್ಟೆಯ ಅಂಚು ಹಿಡಿದು ತಿರುಚುತ್ತಾನಲ್ಲ, ಈಗಲೂ ಹಾಗೆ ಮಾಡುತ್ತಾನಾ? ಎಷ್ಟು ಸಲ ಏಳುತ್ತಾನೆ? ತೂಕ ಮತ್ತೆ ನೋಡಿಸು. ಮುಂದಿನ ಕಾಗದದಲ್ಲಿ ಊರಿನ ವಿಷಯ ಬಿಟ್ಟು ಇವನ್ನೆಲ್ಲ ಬರೆ.

ಅಫಾಫ್


ಮಲ್ಲವಿ
೧೬ ನವೆಂಬರ್

ಪ್ರೀತಿಯ ಅಫಾಫ್,

ಬರೆಯಲು ಕೂತರೆ ಸಾಲುಗಳು ಅಲ್ಲಾಡುತ್ತವೆ. ನಿದ್ದೆ ಇಲ್ಲ. ಅವನು ಮಲಗಿದಾಗ ಉಸಿರಾಡುತ್ತಿದ್ದಾನೋ ಎಂದು ನೋಡುತ್ತ ಕೂರುತ್ತೇನೆ, ಅವನು ಎದ್ದಾಗ ಯಾಕೆ ಎದ್ದ ಎಂದು ಕೂರುತ್ತೇನೆ. ಬಾಟಲಿಯನ್ನು ನಾಲಿಗೆಯಿಂದ ತಳ್ಳುತ್ತಾನೆ. ನನ್ನ ಹತ್ತಿರ ಬಂದರೆ ಸ್ವಲ್ಪ ಚೀಪಿ ನನ್ನ ಮುಖವನ್ನೇ ನೋಡುತ್ತಾನೆ, ಬೇರೆ ಯಾರನ್ನೋ ಹುಡುಕುವ ಹಾಗೆ. ಇದನ್ನು ಸಬ್ರಿಗೆ ಹೇಳಿದರೆ, "ಐದು ತಿಂಗಳ ಮಗೂಗೆ ಹುಡುಕೋಕೆ ಬರುತ್ತೇನೇ, ಮಲ್ಕೋ" ಎಂದು ಸಕ್ಕರೆ ಕಾರ್ಖಾನೆಗೆ ಹೊರಡುತ್ತಾನೆ.

ಅತ್ತೆ ಕಾರಣ ಹುಡುಕುತ್ತಿದ್ದಾರೆ. ನಾನು ತಿಂದದ್ದು, ನಾನು ತೊಟ್ಟದ್ದು, ಯಾರ ಕಣ್ಣು ಬಿತ್ತು, ಎಲ್ಲ ಆಯಿತು. ನಿನ್ನೆ ಅಕ್ಕಿ ಆರಿಸುತ್ತ, "ಆ ಅಲೆಕ್ಸಾಂಡ್ರಿಯಾ ಮನೇಲಿ ಎಲ್ಲ ನೆಟ್ಟಗಿದಾರೆ ತಾನೇ?" ಎಂದರು. ನೆಟ್ಟಗಿದ್ದಾರೆ ಎಂದೆ. ನಿನ್ನ ಮೇಲೆ ಅವರಿಗೆ ವಿಶ್ವಾಸ. ನಿನಗೊಂದು ಪೊಟ್ಟಣ ಅಂಚೆಗೆ ಹಾಕಿಸಿದ್ದಾರಂತೆ. ಈ ಸಲದ ಖರ್ಜೂರ ಇರಬೇಕು.

ನಿನ್ನ ಮನೆಯ ನಿಶ್ಶಬ್ದ ನೆನಪಾಗುತ್ತದೆ. ಕೆಳಗೆ ಇಡೀ ಊರು ಕೂಗುತ್ತಿದ್ದರೂ ಒಳಗೆ ತಣ್ಣಗೆ, ಒಂದು ಲೋಟ ಇಟ್ಟರೂ ಕೇಳಿಸುವಷ್ಟು ಶಾಂತ. ಅಂಥ ಮನೆಯಲ್ಲಿ ಒಂದು ವಾರ ಮಲಗಿದರೆ ನಾನು ಮನುಷ್ಯಳಾದೇನು. ನೀನಾದರೂ ನಿದ್ದೆ ಮಾಡುತ್ತಿದ್ದೀಯಲ್ಲ, ಅಷ್ಟು ಸಾಕು.

ಸುಹೈರ್


ಇಬ್ರಾಹಿಮಿಯ್ಯಾ
೧ ಡಿಸೆಂಬರ್

ಸುಹೈರ್,

ಪೊಟ್ಟಣ ತಲುಪಿತು. ಖರ್ಜೂರವಲ್ಲ. ಹಳದಿ ಉಣ್ಣೆಯಲ್ಲಿ ಹೆಣೆದ ಒಂದು ಅಂಗಿ, ಒಂದು ಟೋಪಿ, ಟೋಪಿಯ ಅಂಚಿಗೆ ದೃಷ್ಟಿಗೆಂದು ನೀಲಿ ಮಣಿ. ಜೊತೆಗೆ ಸಬ್ರಿಯ ಅಕ್ಷರದಲ್ಲಿ: "ರಿಹಾಮಳಿಗೆ, ಚಳಿಗಾಲಕ್ಕೆ. ಅಲ್ಲಾಹ್ ಅವಳನ್ನು ನಿಮಗಾಗಿ ಕಾಪಾಡಲಿ."

ಬಿಚ್ಚಿದವನು ಮುಖ್ತಾರ್. ಬಂದರಿನಿಂದ ಆಗತಾನೆ ಬಂದಿದ್ದ. ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದವನು ಬಹಳ ಹೊತ್ತು ನೀರು ಬಿಟ್ಟುಕೊಂಡೇ ಇದ್ದ.

ಹಾಗಾದರೆ ನನ್ನ ಮಗಳು ನಿಮ್ಮ ಊರಿನಲ್ಲಿ ಬದುಕಿದ್ದಾಳೆ. ಎಷ್ಟು ಬೆಳೆದಿದ್ದಾಳೆ ಎಂದು ಬರೆ. ಅಂಗಿ ಸರಿಯಾಗುತ್ತದೋ ಇಲ್ಲವೋ ನನಗೂ ತಿಳಿಯಲಿ.

ನನ್ನ ಮನೆಯ ನಿಶ್ಶಬ್ದ ನಿನಗೆ ಹಿಡಿಸಿತು ಎಂದು ಬರೆದಿದ್ದೀಯ. ಅದೂ ತಲುಪಿತು.

ಅಫಾಫ್


ಮಲ್ಲವಿ
೮ ಡಿಸೆಂಬರ್

ಅಫಾಫ್,

ನನ್ನನ್ನು ಬೈದುಬಿಡಬಹುದಿತ್ತು. ನೀನು ಬೈಯಲೂ ಇಲ್ಲ.

ಮನೆಯಲ್ಲಿ ನಾನು ಸುಳ್ಳು ಹೇಳಿದ್ದೆ. ಹಾಲೂಡುವವಳಿಗೂ ಮಗುವನ್ನು ಕಳೆದುಕೊಂಡವಳಿಗೂ ಒಂದೇ ಸೂರಿನಡಿ ಭೇಟಿಯಾದರೆ ಏನಾಗುತ್ತದೆ ಎಂದು ಇಲ್ಲಿಯವರು ನಂಬುತ್ತಾರೆ ಎಂಬುದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಹಾಲು ಬತ್ತುತ್ತದೆ ಅನ್ನುತ್ತಾರೆ. ನಿನ್ನ ಮನೆಯ ಸುದ್ದಿ ತಿಳಿದಿದ್ದರೆ ಅತ್ತೆ ನನ್ನನ್ನು ಕಳಿಸುತ್ತಿರಲಿಲ್ಲ. ಅದಕ್ಕೇ, ಅಫಾಫ್ ಬಾಣಂತಿ, ತಾಯಿ ಮಗಳು ಚೆನ್ನಾಗಿದ್ದಾರೆ, ನೋಡಿಕೊಂಡು ಬರುತ್ತೇನೆ ಎಂದೆ. ಅತ್ತೆ ಅಂದಿನಿಂದಲೇ ಉಣ್ಣೆ ಹಿಡಿದಿದ್ದರು. ಐಮನ್‌ಗೆ ಅಂದುಕೊಂಡಿದ್ದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ರಸಾಯನಶಾಸ್ತ್ರ ಓದಿದವಳು ನಾನು. ಆದರೂ ನಿನ್ನ ಮನೆಯಲ್ಲಿ ಹಾಲೂಡುವಾಗ ನೀನು ಕೋಣೆಯೊಳಗೆ ಬಂದರೆ ಶಾಲನ್ನು ಎಳೆದುಕೊಳ್ಳುತ್ತಿದ್ದೆ. ನೀನು ನೋಡಿದೆ. ನೋಡಿ, ಆಮೇಲೆ ಬಾಗಿಲಿನಾಚೆಯಿಂದಲೇ ಮಾತಾಡಿದೆ.

ಈಗ ನಾನು ಕೇಳುವುದಕ್ಕೆ ನೇರವಾಗಿ ಉತ್ತರ ಕೊಡು. ನಿನ್ನ ಅಡುಗೆಮನೆಯ ಕಟ್ಟೆಯ ಮೇಲೆ ದಿನಾ ಮೆಂತ್ಯದ ನೀರಿನ ಲೋಟ ಎರಡು ಇರುತ್ತಿದ್ದವು. ಒಂದನ್ನು ನನಗೆ ಕೊಡುತ್ತಿದ್ದೆ. ಇನ್ನೊಂದು ನಾನು ಹೊರಗಿನಿಂದ ಬರುವಷ್ಟರಲ್ಲಿ ಖಾಲಿಯಾಗಿರುತ್ತಿತ್ತು. ನಾಹಿದ್‌ಗೆ ಅದರ ವಾಸನೆಯೇ ಆಗದು. ಹಾಲು ಹೆಚ್ಚಲಿ ಎಂದು ಕುಡಿಯುವ ನೀರು ನಿನಗೆ ಯಾಕೆ ಬೇಕಾಯಿತು? ಇನ್ನೊಂದು. ಅವನು ಬಟ್ಟೆಯ ಅಂಚನ್ನು ತಿರುಚುತ್ತಾನೆ ಎಂದು ನೀನು ಬರೆದಿದ್ದೆ. ಅದು ಎದೆಹಾಲು ಕುಡಿಯುವಾಗ ಮಾತ್ರ, ಬಾಟಲಿ ಕುಡಿಯುವಾಗ ಅವನು ಎಂದೂ ಹಾಗೆ ಮಾಡಿದವನಲ್ಲ.

ನನ್ನ ಮಗನಿಗೆ ನೀನು ಹಾಲು ಕೊಟ್ಟೆಯಾ?

ಅವನು ಮುಂದೆ ಯಾರಿಗೆ ಏನಾಗುತ್ತಾನೆ ಅನ್ನುವುದು ಇದರ ಮೇಲಿದೆ. ನನಗೆ ಗೊತ್ತಾಗಬೇಕು.

ಸುಹೈರ್


ಇಬ್ರಾಹಿಮಿಯ್ಯಾ
೧೫ ಡಿಸೆಂಬರ್

ಸುಹೈರ್,

ಕೊಟ್ಟೆ.

ನೀವು ಕೋಟೆ ನೋಡಲು ಹೋದ ದಿನ. ಬಾಟಲಿ ಹಿಡಿದೆ, ಉಗುಳಿದ. ತಣ್ಣಗಾಯಿತೇನೋ ಎಂದು ಬಿಸಿಮಾಡಿ ಹಿಡಿದೆ, ಉಗುಳಿದ. ಬಾಲ್ಕನಿಗೆ ಕರೆದುಕೊಂಡು ಹೋಗಿ ಟ್ರಾಮ್ ತೋರಿಸಿದೆ. ಅವನು ಅತ್ತಷ್ಟೂ ನನ್ನ ಎದೆ ಒದ್ದೆಯಾಗುತ್ತಿತ್ತು. ಅದನ್ನು ತಡೆಯುವುದು ನನ್ನ ಕೈಯಲ್ಲಿರಲಿಲ್ಲ. ಹಾಲು ಬತ್ತಿಸಲು ಡಾಕ್ಟರು ಕೊಟ್ಟ ಮಾತ್ರೆಗಳು ಕಪಾಟಿನಲ್ಲಿದ್ದವು, ಈಗಲೂ ಇವೆ. ಒಂದನ್ನೂ ನುಂಗಿಲ್ಲ. ರಿಹಾಮ್ ಹೋದಮೇಲೂ ಬೆಳಿಗ್ಗೆ ಸಂಜೆ ಬಚ್ಚಲಲ್ಲಿ ನಿಂತು ಹಿಂಡಿ ಚೆಲ್ಲುತ್ತಿದ್ದೆ. ಅವಳದು ಅಂತ ನನ್ನಲ್ಲಿ ಉಳಿದದ್ದು ಅದೊಂದೇ. ಗರ್ಭಕೋಶ ತೆಗೆದಿದ್ದಾರೆ ಎಂದು ನಾಹಿದ್ ಹೇಳಿರುತ್ತಾಳೆ. ಇನ್ನೊಮ್ಮೆ ಬರುವಂಥ ಹಾಲಲ್ಲ ಇದು.

ಅವನು ಕುಡಿದ, ಮಲಗಿದ. ಸಮುದ್ರದ ಗಾಳಿ ಎಂದು ಬರೆದದ್ದು ಸುಳ್ಳು.

ಹಾಲಿನ ನಂಟಿಗೆ ಧರ್ಮ ಇಟ್ಟಿರುವ ಲೆಕ್ಕ ನಿನಗೂ ಗೊತ್ತು. ಮಗು ಹೊಟ್ಟೆ ತುಂಬಿ ತಾನಾಗಿ ಎದೆ ಬಿಟ್ಟರೆ ಅದು ಒಂದು. ಅಂಥ ಐದಾದರೆ ಹಾಲು ಕೊಟ್ಟವಳು ತಾಯಿ, ಅವಳ ಗಂಡ ತಂದೆ. ನಾಲ್ಕು ಸಲ ಅವನೇ ಬಿಟ್ಟ. ನೀವು ಹೊರಡುವ ದಿನ, ನೀನು ಆಚೆ ಚೀಲ ಕಟ್ಟುತ್ತಿದ್ದೆ, ನಾನು ಐದನೆಯ ಸಲ ಎತ್ತಿಕೊಂಡೆ. ಅವನು ಆಗಲೇ ಬಟ್ಟೆ ಹಿಡಿದಿದ್ದ. ಆಗ ಲೆಕ್ಕ ನೆನಪಾಯಿತು. ಬೆರಳು ಹಾಕಿ ನಾನೇ ಬಿಡಿಸಿದೆ. ಅತ್ತ. ನೀನು ಆಚೆಯಿಂದ, "ಯಾಕೇ ಅಳ್ತಿದಾನೆ?" ಎಂದೆ. "ಹೊರಡೋದು ಗೊತ್ತಾಗಿದೆ ಇವನಿಗೆ" ಎಂದೆ ನಾನು.

ಮೊದಲ ನಾಲ್ಕು ಅವನ ಹಸಿವಿಗೆ. ಐದನೆಯದು ನನ್ನ ಹಸಿವಿಗೆ ಆಗುತ್ತಿತ್ತು. ಅದನ್ನು ನಿನ್ನನ್ನು ಕೇಳದೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಕೇಳಲು ಬಾಯಿ ಬರಲಿಲ್ಲ.

ಅವನು ನನಗೆ ಯಾರೂ ಆಗಿಲ್ಲ. ನೆಮ್ಮದಿಯಾಗಿರು. ಮುಖ್ತಾರ್‌ಗೂ ನಾನು ಹೇಳಿಲ್ಲ.

ಅಫಾಫ್


ಇಬ್ರಾಹಿಮಿಯ್ಯಾ
೨೯ ಡಿಸೆಂಬರ್

ಸುಹೈರ್,

ಉತ್ತರ ಬರಲಿಲ್ಲ. ಮಗು ಸೌಖ್ಯ ಎಂದು ನಾಹಿದ್ ಬರೆದಿದ್ದಾಳೆ. ಅಷ್ಟು ಸಾಕಾಗಿತ್ತು.

ಇಲ್ಲಿ ಸಮುದ್ರ ಏಳುತ್ತಿದೆ. ವರ್ಷದ ಮೊದಲ ಬಿರುಗಾಳಿ ಇನ್ನೆರಡು ಮೂರು ದಿನದಲ್ಲಿ ಎನ್ನುತ್ತಾರೆ. ಹಾಲು ತುಂಬ ಇಳಿದಿದೆ. ಬಿರುಗಾಳಿ ಕಳೆದ ಮೇಲೆ ಮಾತ್ರೆ ಶುರುಮಾಡುತ್ತೇನೆ. ಎಷ್ಟು ದಿನ ಅಂತ ಚೆಲ್ಲುವುದು.

ಇನ್ನು ಬರೆದು ನಿನಗೆ ತೊಂದರೆ ಕೊಡುವುದಿಲ್ಲ. ಅಂಗಿಯನ್ನು ಇಟ್ಟುಕೊಂಡಿದ್ದೇನೆ. ನಿನ್ನ ಅತ್ತೆಯ ಕೈ ಬಹಳ ಚೆಂದ ಎಂದು ಹೇಳು, ಹೇಳುವ ಹಾಗಿದ್ದರೆ.

ಅಫಾಫ್


ತಂತಿ
ಮಲ್ಲವಿ, ೩ ಜನವರಿ ೧೯೮೯

ಮಾತ್ರೆ ಬೇಡ. ಕಾಗದ ಬರುತ್ತಿದೆ. ಸುಹೈರ್


ಮಲ್ಲವಿ
೪ ಜನವರಿ

ಅಫಾಫ್,

ತಂತಿ ಕಚೇರಿಯವನು, "ಏನಮ್ಮಾ, ಯಾರಿಗಾದ್ರೂ ಹುಷಾರಿಲ್ವಾ?" ಎಂದ. ಏನು ಹೇಳಲಿ.

ನಾನು ಬರೆಯದೆ ಇದ್ದದ್ದು ಸಿಟ್ಟಿಗೆ. ನಾಲ್ಕಾರು ಕಾಗದ ಬರೆದು ಹರಿದೆ. ನೀನು ಕದ್ದು ಕೊಟ್ಟೆ ಅನ್ನುವುದಕ್ಕೆ ಅಷ್ಟು ಸಿಟ್ಟು ಬರಲಿಲ್ಲ. ನಿನ್ನ ಹಾಲಿಗೆ ಅವನು ಮಲಗಿದ, ನನ್ನ ಹಾಲಿಗೆ ಮಲಗಲಿಲ್ಲ. ಇದನ್ನು ಓದಿದಾಗ ನನ್ನ ಮೈಯೇ ನನಗೆ ಬೇಡವಾಯಿತು. ಅಷ್ಟು ದಿನ ಗಾಳಿ, ಕಣ್ಣು, ಬಾಟಲಿ ಎಂದು ಏನೇನನ್ನೋ ದೂರುತ್ತಿದ್ದೆ. ಅವನಿಗೆ ಹಸಿವಾಗಿತ್ತು, ಅಷ್ಟೇ. ಈಗ ಡಾಕ್ಟರನ್ನು ಕೇಳಿ ಬೇರೆ ಡಬ್ಬದ ಹಾಲು ತಂದಿದ್ದೇವೆ, ಕುಡಿಯುತ್ತಾನೆ. ಮೈ ತುಂಬುತ್ತಿದೆ. ಇದನ್ನು ನಿನಗೆ ಮೊದಲೇ ಬರೆಯಬೇಕಿತ್ತು.

ಅತ್ತೆಗೆ ಎಲ್ಲ ಹೇಳಿದೆ. ಮೊದಲು ಅಂಗಿಯ ವಿಷಯ. ಅವರು ರೊಟ್ಟಿಯ ಹಿಟ್ಟು ನಾದುತ್ತಿದ್ದವರು ಕೈ ನಿಲ್ಲಿಸಿದರು.

"ಸತ್ತ ಮಗೂಗೆ ನಾನು ಟೋಪಿ ಕಳಿಸಿದ್ನಾ?"

"ಹೂಂ."

"ಆ ಹುಡುಗಿ ಅದನ್ನ ಕೈಯಲ್ಲಿ ಹಿಡ್ಕೊಂಡ್ಳಾ?"

"ಇಟ್ಕೊಂಡಿದಾಳಂತೆ."

"ನನ್ನ ಕೈಯಲ್ಲಿ ಎಂಥಾ ಕೆಲಸ ಮಾಡಿಸ್ಬಿಟ್ಟೆಯಲ್ಲೇ, ಓದಿದೋಳೇ" ಎಂದರು. ಮರುದಿನ ಹಾಲಿನ ವಿಷಯ ಹೇಳಿದೆ. ನನ್ನ ಹಾಲು ಬತ್ತಿದ್ದು ನಿನ್ನಿಂದ ಎನ್ನುತ್ತಾರೆ ಎಂದು ಕಾದೆ. ಅವರು ಕೇಳಿದ್ದು ಒಂದೇ: "ಎಷ್ಟು ಸಲ?" ನಾಲ್ಕು ಎಂದೆ. ಸಬ್ರಿ ಹೋಗಿ ಮಸೀದಿಯ ಶೇಖ್ ಅವರನ್ನು ವಿಚಾರಿಸಿ ಬಂದ. ನಾಲ್ಕಕ್ಕೆ ಸಂಬಂಧ ಕೂಡುವುದಿಲ್ಲ, ನಿಶ್ಚಿಂತೆಯಾಗಿರಿ ಎಂದರಂತೆ. "ಮುಗೀತಲ್ಲ, ಬಿಡು" ಎಂದು ಸಬ್ರಿ ಚಹಾ ಕೇಳಿದ. ಮನೆಯಲ್ಲಿ ಎಲ್ಲರಿಗೂ ಹಗುರವಾಯಿತು.

ನನಗೆ ಆಗಲಿಲ್ಲ. ಅವನು ದೊಡ್ಡವನಾಗಿ ಒಂದು ದಿನ ನಿಮ್ಮ ಊರಿಗೆ ಬಂದು ನಿನ್ನ ಬಾಗಿಲು ತಟ್ಟುತ್ತಾನೆ ಅಂದುಕೊ. ನೀನು ಒಳಗಿನಿಂದ ಯಾರು ಎಂದು ಕೇಳಿ, ಪರಗಂಡಸು ಎಂದು ತಲೆಗೆ ಬಟ್ಟೆ ಹುಡುಕುತ್ತೀಯ. ನಿನ್ನ ಎದೆಯ ಮೇಲೆ ಮಲಗಿದವನ ಎದುರು. ಈ ಚಿತ್ರ ನನ್ನನ್ನು ಬಿಡಲಿಲ್ಲ. ಇನ್ನೊಂದು ಇದೆ, ಅದನ್ನು ಯಾರಿಗೂ ಹೇಳಿಲ್ಲ. ಅವನು ಹುಟ್ಟಿದ ದಿನದಿಂದ ನನಗೆ ನಿದ್ದೆ ಕೆಡಿಸಿರುವುದು ಒಂದೇ ಭಯ, ನನಗೇನಾದರೂ ಆದರೆ ಇವನನ್ನು ತಾಯಿಯ ಹಾಗೆ ನೋಡುವವರು ಯಾರು ಎಂದು. ನೀನು ಬೆರಳು ಹಾಕಿ ಬಿಡಿಸಿದೆ ಎಂದು ಬರೆದೆಯಲ್ಲ, ಅದನ್ನು ಓದುವಾಗ ಉತ್ತರ ಸಿಕ್ಕಿತು. ಸಿಟ್ಟಿನಲ್ಲಿ ಅದು ಕಾಣಲು ತಡವಾಯಿತು.

ಒಂದು ಬಾಕಿ ಇದೆ. ಕೊಡು.

ಹನ್ನೆರಡನೆಯ ತಾರೀಕು ಗುರುವಾರ ಬರುತ್ತೇವೆ, ಅವನು ಮತ್ತು ನಾನು. ಸಬ್ರಿ ಒಪ್ಪಿದ. ಒಪ್ಪುವ ಮೊದಲು, "ಮುಂದೆ ಹೆಣ್ಣು ಹುಡುಕೋವಾಗ ಒಂದು ಮನೆ ಕಮ್ಮಿ ಆಯ್ತು, ಹಾಲಿನ ತಂಗೀನ ಮದುವೆ ಆಗೋ ಹಾಗಿಲ್ವಲ್ಲ" ಎಂದ. ನಿನಗೆ ಇನ್ನು ಮಕ್ಕಳಾಗುವುದಿಲ್ಲ ಎಂದು ನೆನಪಾಗಿ ತಲೆ ತಗ್ಗಿಸಿದ. ಅತ್ತೆ ಒಪ್ಪಿದರೋ ಇಲ್ಲವೋ ಹೇಳಲಾರೆ. ಈ ಬೆಳಿಗ್ಗೆ ಅಂಗಳದಲ್ಲಿ ಎರಡು ಕೋಳಿಯ ಕಾಲು ಕಟ್ಟುತ್ತಿದ್ದರು. ಇನ್ನೂ ವಾರವಿದೆಯಲ್ಲ ಎಂದೆ. "ಮೇಯಿಸಿ ಇಟ್ಟಿರ್ತೀನಿ. ಹಾಲು ಕೊಡೋಳ ಮನೆಗೆ ಬರಿಗೈಯಲ್ಲಿ ಹೋಗ್ತಾರೇನೇ?" ಎಂದರು. ಬಾಣಂತಿಗೆ ಕೊಂಡೊಯ್ಯುವ ಕೋಳಿ, ಅಫಾಫ್.

ಮಾತ್ರೆ ಮುಟ್ಟಿಲ್ಲ ತಾನೇ?

ಸುಹೈರ್


ಮಲ್ಲವಿ
೧೯ ಜನವರಿ

ಪ್ರೀತಿಯ ಅಫಾಫ್,

ಬಂದು ಸೇರಿದೆವು. ಒಂದು ದಿನದ ಭೇಟಿಗೆ ಅಷ್ಟು ದೂರ ಹೋಗಿಬಂದೆಯಾ ಎಂದು ಪಕ್ಕದ ಮನೆಯವರು ಕೇಳುತ್ತಾರೆ.

ಈ ಸಲ ನಿಮ್ಮ ಊರು ಬೇರೆ ಕಂಡಿತು. ನೀನು ಬಾಗಿಲಲ್ಲಿ ನಿಂತು ಐಮನ್‌ನನ್ನು ತೆಗೆದುಕೊಂಡಾಗ ನಾನು ಒಳಗೆ ಬರಲಿಲ್ಲ. ಊರು ನೋಡಿಕೊಂಡು ಬರುತ್ತೇನೆ ಎಂದೆ. ನೀನು ಏನೋ ಹೇಳಲು ಹೊರಟೆ, ಹಾಲು ಬಹಳ ಕಡಿಮೆ, ಬಂದರೂ ಬರಬಹುದು ಎಂದೋ ಏನೋ. ಕೇಳಿಸಿಕೊಳ್ಳದೆ ಮೆಟ್ಟಿಲಿಳಿದೆ. ಅಕ್ಟೋಬರಿನಲ್ಲಿ ಗೊತ್ತಿಲ್ಲದೆ ಬಿಟ್ಟು ಹೋಗಿದ್ದೆ. ಈ ಸಲ ಗೊತ್ತಿದ್ದು ಬಿಟ್ಟು ಹೋಗಬೇಕಿತ್ತು.

ಸಮುದ್ರ ಗೋಡೆ ಹಾರಿ ರಸ್ತೆಗೆ ಬೀಳುತ್ತಿತ್ತು. ಜೋಳ ಸುಡುವವರಿಲ್ಲ, ನಿಂತು ತಿನ್ನುವವರಿಲ್ಲ. ಎಲ್ಲರೂ ಕಾಲರ್ ಎತ್ತಿಕೊಂಡು ಬಾಯಿ ಮುಚ್ಚಿ ನಡೆಯುತ್ತಿದ್ದರು. ಟ್ರಾಮ್ ಹತ್ತಿ ರಮ್ಲ್ ನಿಲ್ದಾಣಕ್ಕೆ ಹೋದೆ. ಅಲ್ಲಿಂದ ವಿಕ್ಟೋರಿಯಾದವರೆಗೆ, ಮತ್ತೆ ವಾಪಸು. ಕಿಟಕಿಯ ಗಾಜೆಲ್ಲ ಉಪ್ಪಿನ ಹನಿ. ಊರು ಏನೂ ಕಾಣಲಿಲ್ಲ.

ಅದೇ ಬಿಳಿಮೀಸೆಯ ಕಂಡಕ್ಟರ್. ಎರಡನೆಯ ಸಲ ಚೀಟಿ ಹರಿಯುವಾಗ ಗುರುತು ಹಿಡಿದ.

"ಗಂಟೆ ಎಲ್ಲಮ್ಮಾ?"

"ಮನೇಲಿದೆ, ಅವನ ತಾಯಿ ಹತ್ರ."

"ಹಾಗಾದ್ರೆ ನೀವು ಯಾರು?"

"ನಾನೂ ತಾಯೀನೇ."

ಅವನು ಚೀಟಿ ಹರಿದು ಕೈಗಿಟ್ಟ. "ಹಾಲಿನ ತಾಯಾ?" ಎಂದ. "ನನಗೂ ಇದ್ಲು ಒಬ್ಬಳು, ಅನ್ಫೂಶೀಲಿ, ಮೀನುಗಾರರ ಕೇರೀಲಿ. ಸಾಯೋವರೆಗೂ ಹಬ್ಬಕ್ಕೆ ನನಗೆ ಅಂತ ಬೇರೆ ಮೀನು ತೆಗೆದಿಡ್ತಿದ್ಲು" ಎಂದು ಮುಂದೆ ಹೋದ. ಆ ಚೀಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ವಾಪಸು ಬಂದಾಗ ನೀನು ಅಡುಗೆಮನೆಯಲ್ಲಿ ಕೋಳಿ ಬೇಯಿಸುತ್ತಿದ್ದೆ. ಅವನು ಮಲಗಿದ್ದ. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಮುಖ್ತಾರ್ ಬಂದ, ಉಂಡೆವು, ಬಿರುಗಾಳಿಯ ಮಾತಾಡಿದೆವು. ನಿನ್ನ ಮುಖ ಓದಲು ಬಹಳ ಪ್ರಯತ್ನಪಟ್ಟೆ. ಅತ್ತದ್ದು ಕಂಡಿತು. ಯಾವುದಕ್ಕೆ ಎಂದು ತಿಳಿಯಲಿಲ್ಲ.

ರೈಲಿನಲ್ಲಿ ಐಮನ್ ಪಕ್ಕದಲ್ಲೇ ನಿದ್ದೆಹೋದೆ. ಬೆನಿ ಸುವೈಫ್ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ.

ಅತ್ತೆ ಬಾಗಿಲಲ್ಲೇ, "ಏನಾಯ್ತೇ?" ಎಂದರು. ಗೊತ್ತಿಲ್ಲ ಎಂದೆ. "ಅಷ್ಟು ದೂರ ಹೋಗಿ ಕೇಳ್ಲಿಲ್ವಾ? ಕೋಳಿ ಎಲ್ಲೋಯ್ತು ಅಂತಾನಾದ್ರೂ ಕೇಳ್ದೆಯಾ?" ಎಂದು ಬೈದರು. ಆಮೇಲೆ ಸಂಜೆ ಅವರಾಗಿಯೇ, "ಕೇಳದೆ ಇದ್ದದ್ದು ಒಳ್ಳೇದಾಯ್ತು ಬಿಡು. ಅವಳೇ ಹೇಳ್ಬೇಕು" ಎಂದರು.

ಆಗದೆ ಇದ್ದರೂ ಪರವಾಗಿಲ್ಲ. ಅವನಿಗೆ ನಾನು ನಡೆದದ್ದನ್ನೆಲ್ಲ ಹೇಳಿಯೇ ಬೆಳೆಸುತ್ತೇನೆ. ಆದರೂ ಒಂದು ಸಾಲು ಬರೆ.

ಸುಹೈರ್


ಇಬ್ರಾಹಿಮಿಯ್ಯಾ
೨೭ ಜನವರಿ

ಸುಹೈರ್,

ತಡವಾಯಿತು. ಮೊದಲು ಮುಖ್ತಾರ್‌ಗೆ ಹೇಳಬೇಕಿತ್ತು. ಅವನಿಗೆ ಹೇಳದೆ ನಿನಗೆ ಬರೆಯುವುದು ಸರಿಯಲ್ಲ ಅನ್ನಿಸಿತು. ನಿನ್ನೆ ಹೇಳಿದೆ. ಕೇಳಿದ, ಎದ್ದ, ಕೋಟು ಹಾಕಿಕೊಂಡು ಹೊರಟುಹೋದ. ಎಲ್ಲಿಗೆ ಎಂದು ಕೇಳಲಿಲ್ಲ. ಬರುವಾಗ ಕೈಯಲ್ಲಿ ಒಂದು ಜೊತೆ ಬೂಟು, ಕೆಂಪು ದಾರದ್ದು. "ಇಷ್ಟು ದೊಡ್ಡದು ಯಾಕೆ, ಅವನಿನ್ನೂ ಕೂರೋದೂ ಇಲ್ಲ" ಎಂದೆ. "ನಡೀತಾನಲ್ಲ ಒಂದಿನ" ಎಂದ. ನಮ್ಮ ಮನೆಯಲ್ಲಿ ಮುಂದಿನ ದಿನದ ಮಾತು ಬಂದು ಬಹಳ ಕಾಲವಾಗಿತ್ತು. ಬೂಟನ್ನು ಇಲ್ಲೇ ಇಟ್ಟಿದ್ದೇವೆ. ಬಂದು ಹಾಕಿಕೊಳ್ಳಲಿ.

ಕಾವಲುಗಾರನ ಹೆಂಡತಿ ಇವತ್ತು ಮೆಟ್ಟಿಲು ತೊಳೆಯುತ್ತ, "ಇಲ್ಲಿ ಕೇಳಿಸ್ತಾ" ಎಂದಳು. "ಕೇಳಿಸ್ತು. ಇನ್ಮೇಲೆ ಉಮ್ಮ್ ರಿಹಾಮ್ ಅಂತಲೇ ಕರಿ, ಏನೂ ಆಗಲ್ಲ" ಎಂದೆ. ಅವಳು ಪೊರಕೆ ಹಿಡಿದುಕೊಂಡೇ ನಿಂತಿದ್ದಳು.

ಮಾತ್ರೆ ಬೇಕಾಗಲಿಲ್ಲ. ನೀವು ಹೋದ ವಾರದಲ್ಲೇ ಹಾಲು ತಾನಾಗಿ ನಿಂತಿತು.

ಆ ದಿನ ನೀನು ಹೋದಮೇಲೆ ಬಾಲ್ಕನಿಯ ಕೋಣೆಯಲ್ಲಿ ಕೂತೆ. ಮೊದಲು ಅವನಿಗೆ ನನ್ನ ಗುರುತು ಸಿಗಲಿಲ್ಲ, ಅತ್ತ. ಆಮೇಲೆ ವಾಸನೆ ಸಿಕ್ಕಿರಬೇಕು. ಒಂದು ಕಡೆ ಏನೂ ಇರಲಿಲ್ಲ. ಇನ್ನೊಂದು ಕಡೆ ಬಹಳ ಹೊತ್ತು ಬರಲಿಲ್ಲ, ಅವನು ಬಿಡದೆ ಎಳೆದ. ಕೆಳಗೆ ಎರಡು ಟ್ರಾಮ್ ಹೋದವು. ನೀನು ಯಾವುದರಲ್ಲಿ ಇದ್ದೀಯ ಎಂದುಕೊಂಡೆ. ಆಮೇಲೆ ಬಂತು. ಎಡಗೈಯಲ್ಲಿ ನನ್ನ ಅಂಗಿಯ ಅಂಚು ಹಿಡಿದ, ತಿರುಚಿದ. ನಾನು ಎರಡೂ ಕೈಗಳನ್ನು ಅವನ ಬೆನ್ನಿಗಿಟ್ಟು, ಬೆರಳು ಅಲ್ಲಾಡಿಸದೆ ಕೂತಿದ್ದೆ.

ಈ ಸಲ ಅವನೇ ಬಿಟ್ಟ.

ಅಫಾಫ್